ಇಂಗ್ಲಿಷಿನಲ್ಲಿ ಬಿಸುಡುವ ಬಗೆಗಳು

ಬೇಡವಾದುದನ್ನು ಬಿಸುಡುವುದು ಮನುಷ್ಯಮಾತ್ರನಿಗೆಲ್ಲ ಸಾಮಾನ್ಯವಾದ ಕಾರ್ಯವೇ ಆದರೂ, ಎಲ್ಲಿ ನಿಂತು ಬಿಸುಟರು, ಯಾವ ಪ್ರಸಂಗದಲ್ಲಿ ಬಿಸುಟರು ಎಂಬ ವೃತ್ತಾಂತವನ್ನು ಇಂಗ್ಲಿಷ್ ಭಾಷೆಯು ತನ್ನ ಕ್ರಿಯಾಪದಗಳ ಒಡಲಿನಲ್ಲಿ ಕಾಪಾಡಿಕೊಂಡು ಬಂದಿರುವ ರೀತಿ ಕುತೂಹಲಕರವಾದುದು. ನಮ್ಮ ವಿದ್ಯಾರ್ಥಿಗಳು ನಿಘಂಟಿನಲ್ಲಿ ಇಂಥ ಹತ್ತು ಶಬ್ದಗಳಿಗೂ ‘ತ್ಯಜಿಸು’, ‘ತೊರೆ’, ‘ಹೊರಹಾಕು’ ಎಂಬ ಮೂರೇ ಅರ್ಥಗಳನ್ನು ಕಂಡು, ಅವೆಲ್ಲವೂ ಒಂದೇ ಎಂದು ಬಗೆಯುತ್ತಾರೆ. ಹಳೆಯ ಚಪ್ಪಲಿಯನ್ನು ‘ಜೆಟ್ಟಿಸನ್’ ಮಾಡಿದೆನೆಂದು ಬರೆದು ಓದುವವರನ್ನು ನಗಿಸುತ್ತಾರೆ.

‘ಡಿಸ್ಕಾರ್ಡ್’ ಎಂಬುದು ಹುಟ್ಟಿದ್ದು ಇಸ್ಪೀಟಿನ ಮೇಜಿನ ಮೇಲೆ. ಕೈಯಲ್ಲಿರುವ ಎಲೆಗಳಲ್ಲಿ ಆಟಕ್ಕೆ ಒದಗದ ಒಂದನ್ನು ಆರಿಸಿ ಕೆಳಗಿಡುವುದು ಅದರ ಮೂಲಾರ್ಥ; ರಮ್ಮಿ ಆಡಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಎಲಿಮಿನೇಟ್’ ಎಂಬುದರೊಳಗೆ ಲ್ಯಾಟಿನ್ನಿನ ಹೊಸ್ತಿಲು ಅಡಗಿದೆ: ಹೊಸ್ತಿಲಿನಿಂದಾಚೆಗೆ ದಬ್ಬುವುದೆಂದು ಅದರ ತಾತ್ಪರ್ಯ. ಅದಕ್ಕಿಂತ ಘೋರವಾದ ‘ಎಕ್ಸ್‌ಟರ್ಮಿನೇಟ್’ ಸಹ ಮೊದಲಲ್ಲಿ ಸೌಮ್ಯವೇ ಆಗಿತ್ತು. ಗಡಿಯಿಂದಾಚೆಗೆ ಅಟ್ಟುವುದಷ್ಟೇ ಅದರ ಅಭಿಪ್ರಾಯವಾಗಿದ್ದು, ನಿರ್ಮೂಲಗೊಳಿಸುವ ಅರ್ಥ ಕಾಲಾಂತರದಲ್ಲಿ ಬಂದು ಸೇರಿತು.

ಆದರೆ ಈ ವರ್ಗದ ಶಬ್ದಗಳ ಸ್ವಾರಸ್ಯವೆಲ್ಲ ಹಡಗಿನಲ್ಲಿದೆ. ಸುತ್ತಲೂ ಸಮುದ್ರವಿರುವ ದ್ವೀಪವಾಸಿಗಳ ಮಾತಿನಲ್ಲಿ ಇದು ಸಹಜವೇ. ಬಿರುಗಾಳಿಗೆ ಸಿಕ್ಕ ನೌಕೆಯು ಮುಳುಗುವ ಸ್ಥಿತಿಗೆ ಬಂದಾಗ, ಭಾರವನ್ನು ಇಳಿಸುವ ಸಲುವಾಗಿ ಸರಕನ್ನು ಬುದ್ಧಿಪೂರ್ವಕವಾಗಿ ನೀರಿಗೆಸೆಯುವ ಕ್ರಿಯೆಯೇ ‘ಜೆಟ್ಟಿಸನ್’. ಎಸೆದದ್ದು ಬೇಡವಾದ ವಸ್ತುವಲ್ಲ, ಬೆಲೆಬಾಳುವ ವಸ್ತು. ಪ್ರಾಣವನ್ನೂ ಉಳಿದ ಸರಕನ್ನೂ ರಕ್ಷಿಸಲು ಅದನ್ನು ಬಲಿಗೊಟ್ಟದ್ದು. ಹಾಗಾದರೆ ಯಾವನೋ ಒಬ್ಬ ವರ್ತಕನ ಮೂಟೆಗಳು ಸಮುದ್ರದ ಪಾಲಾಗಿ ಮಿಕ್ಕವರೆಲ್ಲರ ಮಾಲು ಸುರಕ್ಷಿತವಾಗಿ ದಡ ಸೇರಿದರೆ, ಆ ನಷ್ಟವನ್ನು ಭರಿಸುವವರಾರು? ಎಲ್ಲರ ಹಿತಕ್ಕಾಗಿ ಆದ ನಷ್ಟವನ್ನು ಎಲ್ಲರೂ ತಂತಮ್ಮ ಪಾಲಿಗೆ ತಕ್ಕಂತೆ ಹೊರಬೇಕೆಂದು ಪ್ರಾಚೀನ ರೋಡ್ಸ್ ದ್ವೀಪದ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮವೊಂದು ವಿಧಿಸಿತು; ರೋಮನರು ಅದನ್ನು ಅಂಗೀಕರಿಸಿದರು; 6ನೆಯ ಶತಮಾನದಲ್ಲಿ ಜಸ್ಟೀನಿಯನ್ ಚಕ್ರವರ್ತಿಯು ಮಾಡಿಸಿದ ನ್ಯಾಯಸಂಗ್ರಹದಲ್ಲಿ ಅದು ಸೇರಿತು. 2021ರ ಮಾರ್ಚ್ ತಿಂಗಳಲ್ಲಿ ‘ಎವರ್ ಗಿವನ್’ ಎಂಬ ಬೃಹನ್ನೌಕೆ ಸೂಯೆಜ್ ಕಾಲುವೆಗೆ ಅಡ್ಡವಾಗಿ ಸಿಲುಕಿಕೊಂಡಾಗ, ಒಂದು ಪೆಟ್ಟಿಗೆಯನ್ನೂ ನೀರಿಗೆಸೆಯದಿದ್ದರೂ, ಅದನ್ನು ಬಿಡಿಸಿದ ವೆಚ್ಚದಲ್ಲಿ ಸರಕಿನ ಒಡೆಯರೂ ಪಾಲುಗೊಳ್ಳಬೇಕೆಂದು ಹಡಗಿನ ಮಾಲೀಕರು ಘೋಷಿಸಿದ್ದು ಇದೇ ನ್ಯಾಯವನ್ನು ಹಿಡಿದು.

ಹೀಗೆ ಎಸೆದ ಮಾಲಿಗೆ ‘ಜೆಟ್ಸಮ್’ ಎಂದೂ, ಒಡೆದ ಹಡಗಿನಿಂದ ತಾನಾಗಿಯೇ ತೇಲಿಬಂದದ್ದಕ್ಕೆ ‘ಫ್ಲಾಟ್ಸಮ್’ ಎಂದೂ, ಮರಳಿ ಬಂದು ಎತ್ತಿಕೊಳ್ಳುವ ಆಶೆಯಿಂದ ತೇಲುಗುರುತು ಕಟ್ಟಿ ಮುಳುಗಿಸಿದ್ದಕ್ಕೆ ‘ಲಾಗನ್’ ಎಂದೂ ಇಂಗ್ಲಿಷ್ ನ್ಯಾಯಶಾಸ್ತ್ರವು ಬೇರೆ ಬೇರೆ ಹೆಸರುಗಳನ್ನಿಟ್ಟಿದೆ. ನೀರು ಪಾಲಾದುದರಲ್ಲಿಯೂ ಸ್ವಾಮ್ಯದ ವಿವೇಚನೆಯನ್ನು ಕೈಬಿಡದ ಈ ವಕೀಲಬುದ್ಧಿಯನ್ನು ಮೆಚ್ಚಲೇಬೇಕು.

‘ಜಂಕ್’ ಎಂಬುದೂ ನಾವಿಕರ ಕೊಡುಗೆ. ಜಂಕ್ ಫುಡ್ಡನ್ನು ಮೆಲ್ಲುವ ಇಂದಿನ ತರುಣರು ತಾವು ಹಡಗಿನ ಹಳೆಯ ಹಗ್ಗದ ಹೆಸರನ್ನು ಉಚ್ಚರಿಸುತ್ತಿದ್ದೇವೆಂದು ಅರಿಯರು. ಸವೆದ ಹಗ್ಗವನ್ನು ತುಂಡು ತುಂಡಾಗಿ ಕತ್ತರಿಸಿ, ಹುರಿ ಬಿಡಿಸಿ, ಬೆರಳಿನಿಂದ ಎಳೆ ಎಳೆಯಾಗಿ ಹಿಂಜಿ, ಆ ನಾರನ್ನು ಹಲಗೆಗಳ ಸಂದಿನಲ್ಲಿ ಸುತ್ತಿಗೆಯಿಂದ ಬಡಿದು ತುಂಬಿ, ಮೇಲೆ ಡಾಂಬರು ಬಳಿದರೆ ಹಡಗಿನೊಳಕ್ಕೆ ನೀರು ನುಗ್ಗುತ್ತಿರಲಿಲ್ಲ. ಡಾಂಬರಿನಿಂದ ಗಟ್ಟಿಯಾದ ಹಗ್ಗವನ್ನು ಬಿಡಿಸುವುದು ಉಗುರು ಕಿತ್ತುಬರುವಂಥ ಕೆಲಸವಾದುದರಿಂದ, 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದನ್ನು ಸೆರೆಯಾಳುಗಳಿಗೂ ಬಡವರ ದುಡಿಮೆಮನೆಗಳಿಗೂ ಒಪ್ಪಿಸಿದ್ದರು. ಡಿಕೆನ್ಸನ ಆಲಿವರ್ ಟ್ವಿಸ್ಟನೆಂಬ ಅನಾಥ ಬಾಲಕನಿಗೆ ನೇಮಿಸಿದ ಕೆಲಸವೂ ಇದೇ. ಮೂಲದಲ್ಲಿ ‘ಜಂಕ್’ ಎಂದರೆ ಕಸವಲ್ಲ, ಮತ್ತೊಂದು ಉಪಯೋಗಕ್ಕಾಗಿ ಎತ್ತಿಟ್ಟದ್ದು.

ಮನುಷ್ಯರನ್ನು ತೊಲಗಿಸುವ ಮಾತುಗಳು ಬೇರೆ. ಸೇನಾಧಿಕಾರಿಯನ್ನು ಅವಮಾನಪುರಸ್ಸರವಾಗಿ ವಜಾ ಮಾಡುವುದಕ್ಕೆ ‘ಕ್ಯಾಷಿಯರ್’ ಎನ್ನುತ್ತಾರೆ. ಬ್ಯಾಂಕಿನ ಕ್ಯಾಷಿಯರಿಗೂ ಇದಕ್ಕೂ ಯಾವ ನಂಟೂ ಇಲ್ಲ. ಮುರಿಯುವುದೆಂಬ ಅರ್ಥದ ಫ್ರೆಂಚ್ ಧಾತುವು ಡಚ್ಚರ ಮೂಲಕ ಇಂಗ್ಲಿಷಿಗೆ ಬಂದು ಈ ರೂಪವನ್ನು ತಾಳಿತು. ಶಾಸನಸಭೆಗಳಲ್ಲಿ ಆಡಬಾರದ ಮಾತನ್ನು ಯಾರಾದರೂ ಆಡಿದರೆ ಸಭಾಧ್ಯಕ್ಷರು ಅದನ್ನು ಕಡತದಿಂದ ತೆಗೆದುಹಾಕಿಸುತ್ತಾರಷ್ಟೆ. ಆ ‘ಎಕ್ಸ್‌ಪಂಜ್’ ಎಂಬ ಶಬ್ದದಲ್ಲಿ ಚುಚ್ಚುವುದೆಂಬ ಲ್ಯಾಟಿನ್ ಧಾತುವಿದೆ. ಪುರಾತನ ಲಿಪಿಕಾರರು ತಪ್ಪು ಬರೆದ ಅಕ್ಷರದ ಕೆಳಗೆ ಚುಕ್ಕೆಯಿಟ್ಟು ಅದನ್ನು ಲೋಪಗೊಳಿಸುತ್ತಿದ್ದರು.

ಕಿಟಕಿಯಿಂದ ಎಸೆಯುವುದಕ್ಕೂ ಒಂದು ಪ್ರತ್ಯೇಕ ಪದವುಂಟೆಂದರೆ ಕೆಲವರು ನಂಬಲಾರರು. ‘ಡಿಫೆನೆಸ್ಟ್ರೇಷನ್’ ಎಂಬ ಈ ಗಂಭೀರ ಪದವು ಪ್ರಾಗ್ ನಗರದ ಚರಿತ್ರೆಯೊಡನೆ ಬೆಸೆದುಕೊಂಡಿದೆ. 1618ರ ಮೇ 23ರಂದು ಅಲ್ಲಿಯ ಪ್ರಾಟೆಸ್ಟಂಟ್ ಸರದಾರರು ಕ್ಯಾಥೊಲಿಕ್ ದೊರೆಯ ಇಬ್ಬರು ಪ್ರತಿನಿಧಿಗಳಾದ ಸ್ಲಾವಾಟಾ ಮತ್ತು ಮಾರ್ಟಿನಿಟ್ಸರನ್ನೂ, ಜೊತೆಗಿದ್ದ ಕಾರ್ಯದರ್ಶಿ ಫಿಲಿಪ್ ಫಾಬ್ರಿಸಿಯಸನನ್ನೂ ಕೋಟೆಯ ಕಿಟಕಿಯಿಂದ ಕೆಳಕ್ಕೆ ನೂಕಿದರು. ಯುರೋಪನ್ನು ಮೂವತ್ತು ವರ್ಷ ಸುಟ್ಟ ಯುದ್ಧಕ್ಕೆ ಇದೇ ನಾಂದಿಯಾಯಿತು. ಬಿದ್ದ ಮೂವರೂ ಬದುಕಿಕೊಂಡರು. ದೇವಮಾತೆಯು ಕೈಗೊಟ್ಟಳೆಂದು ಕ್ಯಾಥೊಲಿಕರು ಸಾರಿದರೆ, ಕೆಳಗೆ ತಿಪ್ಪೆಯಿತ್ತೆಂದು ಎದುರಾಳಿಗಳು ಹೇಳಿದರು. ಕಾರ್ಯದರ್ಶಿಗೆ ಚಕ್ರವರ್ತಿಯು ಮುಂದೆ ಕುಲೀನ ಪದವಿಯನ್ನು ದಯಪಾಲಿಸಿದನು. ಆ ಬಿರುದು ‘ಫಾನ್ ಹೊಹೆನ್‌ಫಾಲ್’, ಅರ್ಥಾತ್ ಎತ್ತರದಿಂದ ಬಿದ್ದವನು.