ಚರ್ಚ್ ಶಾಲೆಯ ಬಾಗಿಲು ಯಾರಿಗೆ?

ಕ್ರೈಸ್ತ ಶಾಲೆ ಎಂದಾಕ್ಷಣ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವುದು ಕಾನ್ವೆಂಟು: ಇಂಗ್ಲಿಷ್ ಮಾಧ್ಯಮ, ಇಸ್ತ್ರಿ ಹಾಕಿದ ಸಮವಸ್ತ್ರ, ಶುಲ್ಕದ ರಸೀದಿ, ಸೀಟಿಗಾಗಿ ಪರದಾಟ. ಇಂಗ್ಲೆಂಡಿನ ಚರ್ಚ್ ಪ್ರಾಥಮಿಕ ಶಾಲೆಗೆ ಈ ಚಿತ್ರದಲ್ಲಿ ಹೊಂದುವುದು ಸಮವಸ್ತ್ರ ಮತ್ತು ಸೀಟಿನ ಪರದಾಟ ಎರಡೇ. ಅಲ್ಲಿ ಅದು ಸರ್ಕಾರದ ದುಡ್ಡಿನಲ್ಲಿ ನಡೆಯುವ, ಶುಲ್ಕವಿಲ್ಲದ, ಎಷ್ಟೋ ಹಳ್ಳಿಗಳಲ್ಲಿ ಇರುವ ಒಂದೇ ಒಂದು ಶಾಲೆ. ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ ಇಂಥ ಶಾಲೆಗಳು, ಪ್ರೌಢಶಾಲೆಗಳೂ ಸೇರಿ, ಸುಮಾರು 4,600. ಅವುಗಳಲ್ಲಿ ಓದುವ ಮಕ್ಕಳು ಹತ್ತಿರಹತ್ತಿರ 10 ಲಕ್ಷ. ಆ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚುಕಡಿಮೆ ಕಾಲುಭಾಗ ಈ ಒಂದು ಚರ್ಚಿನವೇ. ಕ್ಯಾಥೊಲಿಕ್ ಶಾಲೆಗಳ ಲೆಕ್ಕ ಬೇರೆ. ತೆರಿಗೆ ಹಣದಲ್ಲಿ ನಡೆಯುವ ಶಾಲೆಗೆ ಒಂದು ಧರ್ಮದ ಹೆಸರು ಏಕಿರಬೇಕು ಎಂಬ ಜಗಳ ಅಲ್ಲಿ ಹಳೆಯದು. ಆ ಜಗಳ ಸಾಮಾನ್ಯವಾಗಿ ಬೆಳಗಿನ ಪ್ರಾರ್ಥನೆಯ ಸುತ್ತಲೇ ನಡೆಯುತ್ತದೆ. ಆದರೆ ಈ ಶಾಲೆಗಳ ದಿನಚರಿಯನ್ನು ಬಿಡಿಸಿ ನೋಡಿದರೆ, ಆಕ್ಷೇಪಿಸಬೇಕಾದ ಸಂಗತಿ ಪ್ರಾರ್ಥನೆಯ ಹಾಲಿನಲ್ಲಿ ಅಷ್ಟಾಗಿ ಇಲ್ಲ, ಪ್ರವೇಶದ ಅರ್ಜಿಯಲ್ಲಿ ಇದೆ ಎಂಬುದು ನನ್ನ ಅಭಿಪ್ರಾಯ.

ಈ ಏರ್ಪಾಡು ಹುಟ್ಟಿದ್ದು ಸರ್ಕಾರ ಶಿಕ್ಷಣದ ಗೊಡವೆಗೇ ಹೋಗದಿದ್ದ ಕಾಲದಲ್ಲಿ. ಬಡವರ ಮಕ್ಕಳಿಗೆ ಅಕ್ಷರವನ್ನೂ ಧರ್ಮವನ್ನೂ ಕಲಿಸಲೆಂದು 1811ರಲ್ಲಿ ನ್ಯಾಷನಲ್ ಸೊಸೈಟಿ ಎಂಬ ಸಂಸ್ಥೆ ಶುರುವಾಯಿತು. ಊರೂರಿನ ಚರ್ಚಿನ ಪಕ್ಕದಲ್ಲಿ ಶಾಲೆಗಳೆದ್ದವು. ಸರ್ಕಾರ ಮೊದಲ ಬಾರಿಗೆ ಶಾಲಾ ಕಟ್ಟಡಗಳಿಗೆ ಅನುದಾನ ಕೊಟ್ಟದ್ದು 1833ರಲ್ಲಿ, ಅದೂ ಇಂಥ ಧಾರ್ಮಿಕ ಸಂಸ್ಥೆಗಳ ಕೈಗೇ. ಭಾರತದಲ್ಲಿ ಖಾಸಗಿ ಮತ್ತು ಮಿಷನರಿ ಶಾಲೆಗಳಿಗೆ ಅನುದಾನ ಕೊಡುವ ಪದ್ಧತಿಯನ್ನು ತಂದ 1854ರ ವುಡ್ ಶಿಕ್ಷಣ ವರದಿಯ ಹಿಂದೆಯೂ ಇದೇ ಯೋಚನೆ ಇತ್ತು. 1836ರಲ್ಲಿ ಮಂಗಳೂರಿನಲ್ಲಿ ಶಾಲೆ ತೆರೆದ ಬಾಸೆಲ್ ಮಿಷನ್ನಿನಂಥವರು ಅನುದಾನದ ಲೋಕಕ್ಕೆ ಬಂದದ್ದು ಆ ದಾರಿಯಿಂದ. ಇಂಗ್ಲೆಂಡಿನಲ್ಲಿ ಕೊನೆಗೆ 1944ರ ಶಿಕ್ಷಣ ಕಾಯ್ದೆ ಒಂದು ರಾಜಿ ಸೂತ್ರ ಹಾಕಿಕೊಟ್ಟಿತು. ಕೆಲವು ಚರ್ಚ್ ಶಾಲೆಗಳು ‘ನಿಯಂತ್ರಿತ’ ಶಾಲೆಗಳಾದವು: ಖರ್ಚೆಲ್ಲ ಸರ್ಕಾರದ್ದು, ಪ್ರವೇಶದ ಅಧಿಕಾರ ಸ್ಥಳೀಯ ಆಡಳಿತದ್ದು. ಉಳಿದವು ‘ಅನುದಾನಿತ’ ಶಾಲೆಗಳಾದವು: ಆಡಳಿತ ಮಂಡಳಿಯಲ್ಲಿ ಚರ್ಚಿಗೆ ಬಹುಮತ, ಯಾರನ್ನು ಸೇರಿಸಿಕೊಳ್ಳಬೇಕೆಂಬ ನಿಯಮವೂ ಅದರದೇ, ಬದಲಿಗೆ ಕಟ್ಟಡದ ಖರ್ಚಿನಲ್ಲಿ ಒಂದು ಪಾಲು ಅದು ಕೊಡಬೇಕು. ಆ ಪಾಲು ಈಗ ಸಾಮಾನ್ಯವಾಗಿ ಶೇ 10. ಶಿಕ್ಷಕರ ಸಂಬಳ ಎರಡರಲ್ಲೂ ಬೊಕ್ಕಸದಿಂದಲೇ. ಮುಂದಿನ ವಾದಕ್ಕೆಲ್ಲ ಈ ವ್ಯತ್ಯಾಸ ಬೇಕಾಗುತ್ತದೆ.

ಒಳಗೆ ಏನು ನಡೆಯುತ್ತದೆ? ಮಕ್ಕಳು ನಾಲ್ಕು ವರ್ಷಕ್ಕೇ ರಿಸೆಪ್ಶನ್ ತರಗತಿಗೆ ಬರುತ್ತಾರೆ. ಮೊದಲ ದೊಡ್ಡ ಕೆಲಸ ಫೋನಿಕ್ಸ್, ಅಂದರೆ ಅಕ್ಷರದ ಸದ್ದು ಹಿಡಿದು ಪದ ಓದುವುದು. ಕನ್ನಡದ ಮಗುವಿಗೆ ಕಾಗುಣಿತ ಬಂದರೆ ಓದು ಬಂದಂತೆ. ಇಂಗ್ಲಿಷಿನ ಮಗುವಿಗೆ ಆ ಭಾಗ್ಯವಿಲ್ಲ. ರಿಸೆಪ್ಶನ್ ಮುಗಿದ ಮೇಲೆ ಬರುವ ಒಂದನೇ ವರ್ಷದ ಜೂನ್ ತಿಂಗಳಲ್ಲಿ ಪ್ರತಿ ಮಗುವೂ ಶಿಕ್ಷಕರ ಎದುರು ಕೂತು 40 ಪದ ಓದಬೇಕು. ಅದರಲ್ಲಿ 20 ಪದಗಳಿಗೆ ಅರ್ಥವೇ ಇಲ್ಲ. ಬಾಯಿಪಾಠದಿಂದ ಓದುತ್ತಿದೆಯೋ ಸದ್ದು ಕೂಡಿಸಿ ಓದುತ್ತಿದೆಯೋ ಎಂದು ನೋಡಲು ಬೇಕೆಂದೇ ಹೊಸೆದ ಪದಗಳು ಅವು. ಮಗು ಗಲಿಬಿಲಿಗೊಳ್ಳದಿರಲೆಂದು ಅಂಥ ಪ್ರತಿ ಪದದ ಪಕ್ಕದಲ್ಲಿ ಅನ್ಯಗ್ರಹದ ಪ್ರಾಣಿಯೊಂದರ ಚಿತ್ರ ಇರುತ್ತದೆ, ಆ ವಿಚಿತ್ರ ಪದ ಅದರ ಹೆಸರು ಎಂಬಂತೆ. 2012ರಿಂದ ನಡೆದಿರುವ ಪರೀಕ್ಷೆ ಇದು. ನಾಲ್ಕನೇ ವರ್ಷಕ್ಕೆ ಮಗ್ಗಿಯ ಸರದಿ: ಪರದೆಯ ಮೇಲೆ 25 ಪ್ರಶ್ನೆ, ಹನ್ನೆರಡರ ಮಗ್ಗಿಯವರೆಗೆ, ಒಂದೊಂದಕ್ಕೆ ಆರೇ ಸೆಕೆಂಡು. ಬಾಯಿಪಾಠ ಮಗುವಿನ ಬುದ್ಧಿಯನ್ನು ಕೊಲ್ಲುತ್ತದೆ ಎಂದು ನಮ್ಮಲ್ಲಿ ಭಾಷಣ ಮಾಡುವವರು ಈ ಪರೀಕ್ಷೆಯನ್ನು ಗಮನಿಸಬಹುದು. ಇದರ ಜೊತೆಗೆ ಬಹಳ ಶಾಲೆಗಳಲ್ಲಿ ‘ಫಾರೆಸ್ಟ್ ಸ್ಕೂಲ್’ ಇದೆ. ವಾರದಲ್ಲೊಂದು ಹೊತ್ತು ಮಕ್ಕಳು ರಬ್ಬರ್ ಬೂಟು ಹಾಕಿಕೊಂಡು ಮಳೆಯಿರಲಿ ಕೆಸರಿರಲಿ ಮರಗಳ ನಡುವೆ ಹೋಗುತ್ತಾರೆ, ಕಡ್ಡಿ ಕೂಡಿಸಿ ಗುಡಾರ ಕಟ್ಟುತ್ತಾರೆ, ದೊಡ್ಡವರ ಕಣ್ಗಾವಲಿನಲ್ಲಿ ಬೆಂಕಿ ಹೊತ್ತಿಸುವುದನ್ನೂ ಕಲಿಯುತ್ತಾರೆ. 1993ರಲ್ಲಿ ಬ್ರಿಡ್ಜ್‌ವಾಟರ್ ಕಾಲೇಜಿನವರು ಡೆನ್ಮಾರ್ಕಿಗೆ ಹೋಗಿ ನೋಡಿ ಬಂದ ಮೇಲೆ ಹಬ್ಬಿದ ಕ್ರಮ ಅದು. ಚಿಕ್ಕ ತರಗತಿಗಳಿಗೆ 30 ಮಕ್ಕಳ ಮಿತಿ, ಮೊದಲ ಮೂರು ವರ್ಷದವರಿಗೆಲ್ಲ ಮಧ್ಯಾಹ್ನ ಉಚಿತ ಬಿಸಿಯೂಟ. ಇವುಗಳಲ್ಲಿ ಯಾವುದೂ ಕ್ರೈಸ್ತ ಶಾಲೆಯ ವಿಶೇಷವಲ್ಲ. ಪಕ್ಕದ ಬೀದಿಯ, ಧರ್ಮದ ಹೆಸರಿಲ್ಲದ ಸರ್ಕಾರಿ ಶಾಲೆಯಲ್ಲೂ ಇವೇ ಪರೀಕ್ಷೆ, ಇದೇ ಊಟ. ಶಾಲಾದಿನದ ಬಹುಭಾಗಕ್ಕೆ ಧರ್ಮದ ಬಣ್ಣವೇ ಇಲ್ಲ.

ಬಣ್ಣ ಕಾಣುವುದು ವರ್ಷದ ಹಬ್ಬಗಳಲ್ಲಿ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಸುಗ್ಗಿಯ ಹಬ್ಬ. ಕರಾವಳಿಯ ಕ್ಯಾಥೊಲಿಕರ ತೆನೆಹಬ್ಬ ಬಲ್ಲವರಿಗೆ ಇದರ ಜಾಡು ಸುಲಭವಾಗಿ ಸಿಗುತ್ತದೆ. ಆದರೆ ಇಂಗ್ಲೆಂಡಿನ ಮಕ್ಕಳು ಚರ್ಚಿಗೆ ಒಯ್ಯುವುದು ತೆನೆಯನ್ನಲ್ಲ, ಬೀನ್ಸ್ ಡಬ್ಬಿ ಮತ್ತು ಪಾಸ್ತಾ ಪೊಟ್ಟಣಗಳನ್ನು. ಅವು ಆಮೇಲೆ ಊರಿನ ಫುಡ್ ಬ್ಯಾಂಕಿಗೆ, ಅಂದರೆ ಮನೆಯಲ್ಲಿ ಊಟಕ್ಕೆ ತತ್ವಾರ ಇರುವವರಿಗೆ ಹೋಗುತ್ತವೆ. ಡಿಸೆಂಬರಿನಲ್ಲಿ ಗೋದಲಿಯ ನಾಟಕ: ನೀಲಿ ಬಟ್ಟೆಯ ಮರಿಯ, ಅಡುಗೆಮನೆಯ ಟವೆಲನ್ನೇ ತಲೆಗೆ ಸುತ್ತಿಕೊಂಡ ಕುರುಬರು, ಕುರಿಯ ಪಾತ್ರ ಸಿಕ್ಕಿ ಮುಖ ಊದಿಸಿಕೊಂಡ ಒಬ್ಬಿಬ್ಬರು. ಕ್ರಿಸ್ಟಿಂಗಲ್ ಎಂಬುದು ಇನ್ನೂ ಸೊಗಸಾದದ್ದು. ಮಗುವಿನ ಕೈಗೆ ಒಂದು ಕಿತ್ತಳೆ ಹಣ್ಣು, ಅದರ ನಡುವಿಗೆ ಕೆಂಪು ರಿಬ್ಬನ್, ನೆತ್ತಿಯಲ್ಲಿ ಸಣ್ಣ ಮೇಣದಬತ್ತಿ, ನಾಲ್ಕು ಕಡೆ ಚುಚ್ಚಿದ ಕಡ್ಡಿಗಳಲ್ಲಿ ಒಣದ್ರಾಕ್ಷಿ ಅಥವಾ ಮಿಠಾಯಿ. ಹಣ್ಣು ಜಗತ್ತು, ರಿಬ್ಬನ್ ಕ್ರಿಸ್ತನ ರಕ್ತ, ದೀಪ ಅವನ ಬೆಳಕು, ಕಡ್ಡಿಗಳು ನಾಲ್ಕು ಋತು. ಜರ್ಮನಿಯ ಮೊರೇವಿಯನ್ ಕ್ರೈಸ್ತರಲ್ಲಿ 1747ರಲ್ಲಿ ಹುಟ್ಟಿದ ಈ ಆಚರಣೆಯನ್ನು ಚಿಲ್ಡ್ರನ್ಸ್ ಸೊಸೈಟಿ ಎಂಬ ಸಂಸ್ಥೆ ಮಕ್ಕಳ ನೆರವಿಗೆ ಹಣ ಕೂಡಿಸಲು 1968ರಿಂದ ಇಂಗ್ಲೆಂಡಿನಲ್ಲಿ ಬಳಕೆಗೆ ತಂದಿತು. ಐದು ವರ್ಷದ ಮಗುವಿಗೆ ಇದರಿಂದ ದೇವತಾಶಾಸ್ತ್ರ ತಿಳಿಯುತ್ತದೆಯೋ ಇಲ್ಲವೋ, ಒಂದು ವಸ್ತು ಇನ್ನೊಂದನ್ನು ಸೂಚಿಸಬಲ್ಲದು ಎಂಬುದು ತಿಳಿಯುತ್ತದೆ. ಧರ್ಮದ ಪಾಠದ ಅವಧಿಯಲ್ಲಿ ಕ್ರೈಸ್ತ ಧರ್ಮಕ್ಕೆ ಹೆಚ್ಚು ಪಾಲು; ಆದರೂ ದೀಪಾವಳಿ, ಈದ್, ಯಹೂದಿಗಳ ಪಾಸೋವರ್ ಕೂಡ ಬರುತ್ತವೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಪ್ರತಿದಿನ ಸಾಮೂಹಿಕ ಆರಾಧನೆ ಕಡ್ಡಾಯ, ಇದು ಒತ್ತಾಯವಲ್ಲವೇ? ಕಡ್ಡಾಯ ಹೌದು, ಆದರೆ ಚರ್ಚ್ ಶಾಲೆಗೆ ಮಾತ್ರ ಅಲ್ಲ. ಧರ್ಮದ ಹೆಸರಿಲ್ಲದ ಸರ್ಕಾರಿ ಶಾಲೆಗಳಲ್ಲೂ ದಿನಾ ಇಂಥ ಆರಾಧನೆ ನಡೆಯಬೇಕು, ಅದು ಮುಖ್ಯವಾಗಿ ಕ್ರೈಸ್ತ ಸ್ವರೂಪದ್ದಾಗಿರಬೇಕು ಎಂದು 1988ರ ಕಾಯ್ದೆ ಹೇಳುತ್ತದೆ. ಎಷ್ಟೋ ಶಾಲೆಗಳು ಅದನ್ನು ಸದ್ದಿಲ್ಲದೆ ಮರೆತಿವೆ, ಅಷ್ಟೆ. ಹಾಗಾಗಿ ತಕರಾರು ಇಡೀ ವ್ಯವಸ್ಥೆಯ ಮೇಲಿನದು. ಬೇಡವೆನ್ನುವ ಪೋಷಕರು ಮಗುವನ್ನು ಹೊರಗಿಡಬಹುದು ಎಂಬ ಅವಕಾಶವೂ ಕಾನೂನಿನಲ್ಲಿದೆ. ಈ ಅವಕಾಶ ಸಾಲದು ಎನ್ನುವವರ ಮಾತಿನಲ್ಲಿ ಹುರುಳಿದೆ. ಗೆಳೆಯರೆಲ್ಲ ಹಾಲಿನಲ್ಲಿ ಹಾಡುವಾಗ ಒಂದು ಮಗು ಮಾತ್ರ ಬೇರೆ ಕೋಣೆಯಲ್ಲಿ ಕೂತಿರಬೇಕಾದರೆ, ಪೋಷಕರು ಆ ಹಕ್ಕನ್ನು ಚಲಾಯಿಸಲು ಹಿಂಜರಿಯುತ್ತಾರೆ. ಬೆಲ್‌ಫಾಸ್ಟಿನ ಪ್ರಾಥಮಿಕ ಶಾಲೆಯೊಂದರ ಪೋಷಕರು ಅಲ್ಲಿನ ಕ್ರೈಸ್ತ ಬೋಧನೆ ಮತ್ತು ಆರಾಧನೆಯ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 2022ರಲ್ಲಿ ಅಲ್ಲಿನ ಹೈಕೋರ್ಟು, 2025ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಪೋಷಕರ ಪರ ನಿಂತವು. ಅದು ಉತ್ತರ ಐರ್ಲೆಂಡಿನ, ಚರ್ಚಿಗೆ ಸೇರದ ಶಾಲೆಯ ಪ್ರಕರಣ. ಆದರೂ ಹೊರಗಿಡುವ ಹಕ್ಕು ಇದೆಯೆಂಬ ಒಂದೇ ಕಾರಣಕ್ಕೆ ಏಕಪಕ್ಷೀಯ ಬೋಧನೆ ಸರಿಯಾಗಿಬಿಡುವುದಿಲ್ಲ ಎಂಬ ಮಾತಿಗೆ ಎಲ್ಲ ಕಡೆಯೂ ತೂಕವಿದೆ. ನಮ್ಮ ಸಂವಿಧಾನ ಈ ವಿಷಯದಲ್ಲಿ ಹೆಚ್ಚು ಜಾಣತನ ತೋರಿದೆ. 28ನೇ ವಿಧಿಯ ಪ್ರಕಾರ ಅನುದಾನ ಪಡೆಯುವ ಶಾಲೆ ಮಗುವನ್ನು ಪ್ರಾರ್ಥನೆಗೆ ಕೂರಿಸಬೇಕಾದರೆ ಪೋಷಕರ ಒಪ್ಪಿಗೆ ಮೊದಲು ಬೇಕು. ಇಂಗ್ಲೆಂಡಿನಲ್ಲಿ ಒಪ್ಪದವರು ತಾವಾಗಿ ಬಂದು ಹೇಳಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಪ್ರಾರ್ಥನೆಯ ಜಗಳ ಬಹುಮಟ್ಟಿಗೆ ತೀರುತ್ತದೆ. ಒಂದು ಶಾಲೆಯನ್ನೂ ಮುಚ್ಚಬೇಕಾಗಿಲ್ಲ, ಕಿತ್ತಳೆಗೆ ರಿಬ್ಬನ್ ಕಟ್ಟುವುದನ್ನೂ ಬಿಡಬೇಕಾಗಿಲ್ಲ.

ಎರಡನೆಯ ಆಕ್ಷೇಪ, ಎಳೆಯ ಮನಸ್ಸಿನ ಮೇಲೆ ಮತ ಹೇರುತ್ತಾರೆ ಎಂಬುದು. ಹಾಗೆ ಹೇರುವುದೇ ಉದ್ದೇಶವಾಗಿದ್ದರೆ ಇದಕ್ಕಿಂತ ಸೋತ ಉದ್ಯಮ ಇನ್ನೊಂದಿಲ್ಲ. ಎರಡು ಶತಮಾನ ಇಷ್ಟೊಂದು ಚರ್ಚ್ ಶಾಲೆಗಳನ್ನು ನಡೆಸಿ, ಉಳಿದ ಶಾಲೆಗಳಲ್ಲೂ ಕಾನೂನಿನ ಬಲದಿಂದ ಪ್ರಾರ್ಥನೆ ಇಟ್ಟುಕೊಂಡ ದೇಶದಲ್ಲಿ ತಮ್ಮನ್ನು ಕ್ರೈಸ್ತರೆಂದು ಬರೆಸಿದವರು 2001ರ ಜನಗಣತಿಯಲ್ಲಿ ಶೇ 71.7 ಇದ್ದದ್ದು 2021ಕ್ಕೆ ಶೇ 46.2ಕ್ಕೆ ಇಳಿದರು; ಇದು ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿದ ಲೆಕ್ಕ. ಚರ್ಚ್ ಶಾಲೆಗೆ ಮಕ್ಕಳನ್ನು ಕಳಿಸುವವರಲ್ಲಿ ಮುಸ್ಲಿಮರೂ ಹಿಂದೂಗಳೂ ಯಾವ ನಂಬಿಕೆಯೂ ಇಲ್ಲದವರೂ ಇದ್ದಾರೆ. ಮತಾಂತರದ ಭಯ ಅವರನ್ನು ತಡೆದಂತೆ ಕಾಣುವುದಿಲ್ಲ.

ಅವರನ್ನು ತಡೆಯುವುದು ಅರ್ಜಿ ನಮೂನೆ. ಚರ್ಚ್ ಶಾಲೆಯಲ್ಲಿ ಶಿಸ್ತು ಹೆಚ್ಚು, ಫಲಿತಾಂಶ ಉತ್ತಮ ಎಂಬ ನಂಬಿಕೆ ಅಲ್ಲಿಯೂ ಗಟ್ಟಿ. ಹಾಗಾಗಿ ಒಳ್ಳೆಯ ಹೆಸರಿನ ಅನುದಾನಿತ ಶಾಲೆಯಲ್ಲಿ ಸೀಟಿಗಿಂತ ಅರ್ಜಿ ಹೆಚ್ಚು. ಅರ್ಜಿ ಹೆಚ್ಚಾದಾಗ ಯಾರಿಗೆ ಮೊದಲು ಎಂದು ಹೇಳುವ ಕ್ರಮಪಟ್ಟಿ ಪ್ರತಿ ಶಾಲೆಗೂ ಇರುತ್ತದೆ. ಸರ್ಕಾರದ ಆಸರೆಯಲ್ಲಿರುವ ಮಕ್ಕಳು ಕಾನೂನಿನಂತೆ ಮೇಲಿನ ಸಾಲಿನಲ್ಲಿ. ಅನಂತರ ಅನೇಕ ಅನುದಾನಿತ ಶಾಲೆಗಳಲ್ಲಿ ಬರುವುದು ನಿಗದಿತ ಕಾಲದವರೆಗೆ ಚರ್ಚಿಗೆ ಹೋದ ಕುಟುಂಬದ ಮಕ್ಕಳು. ಅದಕ್ಕೆ ಬೇರೆಯೇ ಒಂದು ಪೂರಕ ನಮೂನೆ, ಅದರ ಮೇಲೆ ಪಾದ್ರಿಯ ಸಹಿ. ಶಾಲೆಯ ಎದುರೇ ಮನೆಯಿದ್ದು ಭಾನುವಾರ ಚರ್ಚಿಗೆ ಹೋಗದ ಕುಟುಂಬ ಆಮೇಲಿನ ಸಾಲಿನಲ್ಲಿ. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ: ಮಗುವಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಕೆಲವು ತಂದೆತಾಯಿಗಳಿಗೆ ಭಕ್ತಿ ಉಕ್ಕುತ್ತದೆ. ವಾರವಾರ ಹಾಜರಿ ಹಾಕಿ ನಮೂನೆ ತುಂಬಿಸಲು ಪುರುಸೊತ್ತು, ತಿಳಿವಳಿಕೆ, ಮುಂದಾಲೋಚನೆ ಮೂರೂ ಬೇಕು. ಭಾನುವಾರವೂ ಪಾಳಿ ಕೆಲಸಕ್ಕೆ ಹೋಗುವ ತಾಯಿಗೆ ಅದು ದಕ್ಕುವುದಿಲ್ಲ. ಎಜುಕೇಶನ್ ಪಾಲಿಸಿ ಇನ್‌ಸ್ಟಿಟ್ಯೂಟ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದೂ ಇದನ್ನೇ. ಧರ್ಮದ ಹೆಸರಿನ ಶಾಲೆಗಳಲ್ಲಿ ಬಡ ಮನೆಗಳ ಮಕ್ಕಳ ಪ್ರಮಾಣ ಉಳಿದ ಶಾಲೆಗಳಿಗಿಂತ ಕಡಿಮೆ. ಮಕ್ಕಳ ಹಿನ್ನೆಲೆಯನ್ನು ಲೆಕ್ಕಕ್ಕೆ ಹಿಡಿದರೆ ಫಲಿತಾಂಶದ ಮೇಲುಗೈ ಹೆಚ್ಚೂಕಡಿಮೆ ಕರಗಿಹೋಗುತ್ತದೆ. ಹೆಚ್ಚಿನ ಹೆಗ್ಗಳಿಕೆ ಒಳಗಿನ ಪಾಠದ್ದಲ್ಲ, ಬಾಗಿಲಲ್ಲಿ ನಡೆದ ಆಯ್ಕೆಯದು.

ಇದಕ್ಕೆ ಚರ್ಚಿನ ಪರವಾಗಿ ಹೇಳುವ ಮಾತು: ಕ್ರೈಸ್ತ ಕುಟುಂಬಗಳಿಗೆ ಆದ್ಯತೆ ಕೊಡದಿದ್ದರೆ ಶಾಲೆಯ ಕ್ರೈಸ್ತತನ ಉಳಿಯುವುದು ಹೇಗೆ? ಉತ್ತರ ಅವರ ಮನೆಯಲ್ಲೇ ಇದೆ. ನಿಯಂತ್ರಿತ ಶಾಲೆಗಳಲ್ಲಿ ಸಾಮಾನ್ಯವಾಗಿ ಇಂಥ ಆದ್ಯತೆಯಿಲ್ಲ. ಸುತ್ತಲಿನ ಮಕ್ಕಳೇ ಬರುತ್ತಾರೆ. ಅಲ್ಲಿಯೂ ಸುಗ್ಗಿಯ ಹಬ್ಬವಿದೆ, ಗೋದಲಿಯ ನಾಟಕವಿದೆ, ಪಾದ್ರಿ ಬಂದು ಕಥೆ ಹೇಳುತ್ತಾರೆ. ಶಾಲೆಯ ಧಾರ್ಮಿಕ ಸ್ವರೂಪವನ್ನು ಚರ್ಚೇ ನಡೆಸುವ ತಪಾಸಣೆ ಈ ಎರಡೂ ಬಗೆಯ ಶಾಲೆಗಳಿಗೆ ಒಂದೇ. ಚರ್ಚಿನ ಶಿಕ್ಷಣ ಮಂಡಳಿಯ ಹೊಣೆ ಹೊತ್ತಿದ್ದ ಆಕ್ಸ್‌ಫರ್ಡಿನ ಬಿಷಪ್ ಜಾನ್ ಪ್ರಿಚರ್ಡ್ 2011ರಲ್ಲೇ, ಚರ್ಚಿನವರಿಗೆ ಮೀಸಲಾದ ಸೀಟು ಶೇ 10 ಮೀರಬಾರದು ಎಂಬ ನಿಲುವನ್ನು ಮುಂದಿಟ್ಟಿದ್ದರು. ನೆಲ, ಕಟ್ಟಡ ಚರ್ಚಿನದಲ್ಲವೇ ಎಂಬ ಇನ್ನೊಂದು ವಾದವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ನಿತ್ಯದ ಖರ್ಚನ್ನೆಲ್ಲ ಬೊಕ್ಕಸ ಕೊಡುವಾಗ ಕಟ್ಟಡದ ಹತ್ತರಲ್ಲೊಂದು ಪಾಲಿಗೆ ಇಡೀ ಬಾಗಿಲಿನ ಕೀಲಿಕೈ ಕೊಡುವುದು ದುಬಾರಿ ವ್ಯವಹಾರ. ಈ ಸವಲತ್ತು ಕ್ರೈಸ್ತರಿಗಷ್ಟೇ ಇಲ್ಲ ಎಂಬುದನ್ನೂ ಹೇಳಬೇಕು: ಯಹೂದಿ, ಮುಸ್ಲಿಂ, ಸಿಖ್ ಶಾಲೆಗಳಿವೆ, ಸರ್ಕಾರಿ ಹಣದ ಮೊದಲ ಹಿಂದೂ ಶಾಲೆ, ಕೃಷ್ಣ ಅವಂತಿ, ಲಂಡನ್ನಿನ ಹ್ಯಾರೋದಲ್ಲಿ 2008ರಲ್ಲಿ ಶುರುವಾಯಿತು. ನಮ್ಮವರಿಗೂ ಸಿಕ್ಕಿತಲ್ಲ ಎಂಬ ಸಮಾಧಾನ ಮೂಲ ಪ್ರಶ್ನೆಗೆ ಉತ್ತರವಾಗುವುದಿಲ್ಲ. ನಾಲ್ಕು ವರ್ಷದ ಮಕ್ಕಳನ್ನು ಅಪ್ಪ ಅಮ್ಮನ ದೇವರ ಪ್ರಕಾರ ವಿಂಗಡಿಸುವುದು ಯಾವ ಧರ್ಮ ಮಾಡಿದರೂ ವಿಂಗಡಣೆಯೇ.

ಕೆಲಸದ ಮೇಲೆ ಇಂಗ್ಲೆಂಡಿನ ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆಗೆ ಹೋಗಿ ನೆಲೆಸುವ ಕನ್ನಡದ ಕುಟುಂಬಗಳಿಗೆ ಇದು ಬರಿಯ ತತ್ವದ ಚರ್ಚೆಯಲ್ಲ. ಶಾಲೆಗೆ ಸಂತರ ಹೆಸರಿದೆಯೆಂದು ಹಿಂಜರಿಯಬೇಕಾಗಿಲ್ಲ, ಮರುಳಾಗಬೇಕಾಗಿಯೂ ಇಲ್ಲ. ರಿಸೆಪ್ಶನ್ ತರಗತಿಗೆ ಅರ್ಜಿ ಸಲ್ಲಿಸಲು ಕೊನೆಯ ದಿನ ಜನವರಿ 15, ಸೀಟು ತಿಳಿಯುವುದು ಏಪ್ರಿಲ್ 16ರ ಹೊತ್ತಿಗೆ. ಅದಕ್ಕೆ ಮೊದಲು ಪ್ರತಿ ಶಾಲೆಯೂ ತನ್ನ ಕ್ರಮಪಟ್ಟಿಯನ್ನು ಪ್ರಕಟಿಸಿರುತ್ತದೆ. ಅದರಲ್ಲಿ ‘ಮನೆಯಿಂದ ಶಾಲೆಗಿರುವ ದೂರ’ ಎಂಬ ಸಾಲು ಎಷ್ಟನೆಯದು, ‘ಚರ್ಚಿನ ಹಾಜರಿ’ ಎಂಬುದು ಎಷ್ಟನೆಯದು ಎಂದು ನೋಡಿಕೊಂಡು, ಆಮೇಲೆ ಶಾಲೆ ನೋಡಲು ಹೋದರೆ ಸಾಕು.