ಡಬ್ಬಿ ಮೇಲೆ ‘ಎಂಪೆಗ್-4’ ಅಂತಿದ್ರೆ ಸಾಕಾ? ಅಗ್ಗದ ಡಿವಿಡಿ ಪ್ಲೇಯರ್ ಕೊಳ್ಳುವ ಮುನ್ನ

ಮಾದಿಹಳ್ಳಿ ಇರಲಿ, ಹಳೇಬೀಡು ಇರಲಿ, ಹತ್ತು ಹದಿನೈದು ವರ್ಷದ ಹಿಂದೆ ಮದುವೆಯಾದವರ ಮನೆಯ ಬೀರು ತೆಗೆದರೆ ಒಂದೆರಡು ಡಿಸ್ಕ್ ಸಿಕ್ಕೇ ಸಿಗುತ್ತವೆ. ಮದುವೆ, ಗೃಹಪ್ರವೇಶ, ಊರ ಜಾತ್ರೆ. ಈಗ ಇಲ್ಲದ ಅಜ್ಜ-ಅಜ್ಜಿಯರ ದನಿ ಅದರಲ್ಲಿ ಮಾತ್ರ ಇದೆ. ಹಳೇ ಪ್ಲೇಯರ್ ಕೆಟ್ಟಾಗ ಜನ ಅಗ್ಗದ್ದೊಂದನ್ನು ಹುಡುಕಿಕೊಂಡು ಬೇಲೂರಿಗೋ ಹಾಸನಕ್ಕೋ ಹೋಗ್ತಾರೆ. ಡಬ್ಬಿ ಮೇಲೆ ಡಿವಿಡಿ, ವಿಸಿಡಿ, ಎಂಪಿ3, ಎಂಪೆಗ್-4, ಡಿವ್‌ಎಕ್ಸ್, ಯುಎಸ್‌ಬಿ ಅಂತ ಸಾಲಾಗಿ ಬರೆದಿರುತ್ತೆ. ಅಂಗಡಿಯವರು ‘ಎಲ್ಲಾ ಓಡುತ್ತೆ’ ಅಂತಾರೆ. ನಿಜಕ್ಕೂ ಎಲ್ಲಾ ಓಡುತ್ತಾ?

ಒಂದೇ ಹೆಸರು, ಎರಡು ತಂತ್ರ

ವಿಸಿಡಿ 1993ರ ತಂತ್ರಜ್ಞಾನ. ಅದರಲ್ಲಿರೋದು ಎಂಪೆಗ್-1. ಚಿತ್ರದ ಗಾತ್ರ 352×288 ಚುಕ್ಕಿ, ಒಂದು ಡಿಸ್ಕ್‌ಗೆ ಸುಮಾರು 74 ನಿಮಿಷ. ಒಂದೇ ಮದುವೆ ಎರಡು ಮೂರು ವಿಸಿಡಿಗೆ ಹರಡಿಕೊಂಡಿದ್ದು ಇದಕ್ಕೇ. ಡಿವಿಡಿಯಲ್ಲಿ ಎಂಪೆಗ್-2, ಒಂದು ಪದರದ ಡಿಸ್ಕ್‌ಗೆ 4.7 ಜಿಬಿ ಜಾಗ. ಇವೆರಡನ್ನೂ ಯಾವ ಅಗ್ಗದ ಪ್ಲೇಯರ್ ಆದರೂ ಓಡಿಸುತ್ತದೆ.

ಗೊಂದಲ ಶುರುವಾಗೋದು ಎಂಪೆಗ್-4ರಲ್ಲಿ. ಆ ಹೆಸರಿನಡಿ ಎರಡು ಬೇರೆ ಬೇರೆ ತಂತ್ರಗಳಿವೆ. ಮೊದಲನೆಯದು ಡಿವ್‌ಎಕ್ಸ್, ಎಕ್ಸ್‌ವಿಡ್ ಬಳಸುವಂಥದ್ದು. ಇಡೀ ಸಿನಿಮಾವನ್ನು 700 ಎಂಬಿಗೆ ಹಿಂಡಿ ಒಂದು ಸಿಡಿಯಲ್ಲಿ ತುಂಬುತ್ತಿದ್ದ ಕಾಲದ್ದು. ಎರಡನೆಯದು 2003ರಲ್ಲಿ ಬಂದ ಎಚ್.264. ಇವತ್ತಿನ ಮೊಬೈಲ್ ವಿಡಿಯೋ ಹೆಚ್ಚಾಗಿ ಎಚ್.264ರಲ್ಲಿ, ಇಲ್ಲವೇ ಅದರ ನಂತರದ ಎಚ್‌ಇವಿಸಿಯಲ್ಲಿ ಇರುತ್ತೆ. ಅಗ್ಗದ ಡಿವಿಡಿ ಪ್ಲೇಯರಿನ ಚಿಪ್‌ಗೆ ಸಾಮಾನ್ಯವಾಗಿ ಗೊತ್ತಿರೋದು ಮೊದಲನೆಯದು ಮಾತ್ರ. ಮೊಬೈಲ್‌ನ ಹಾಗೆ ಆ್ಯಪ್ ಹಾಕಿ ಸರಿಮಾಡೋಕೆ ಆಗಲ್ಲ.

ಫೈಲ್ ಹೆಸರಿನ ಕೊನೆಯ ‘ಎವಿಐ’, ‘ಎಂಪಿ4’ ನಂಬಿ ಕೂರಬೇಡಿ. ಅವು ಬರೀ ಚೀಲ. ಒಳಗಿರೋದು ಕಾಫಿಯೋ ಮೆಣಸೋ ಅನ್ನೋದು ಚೀಲ ನೋಡಿದರೆ ತಿಳಿಯಲ್ಲ.

ಅಂಗಡಿಯಲ್ಲೇ ಪರೀಕ್ಷೆ

ನಿಮ್ಮದೇ ಒಂದು ಹಳೇ ಡಿಸ್ಕ್, ಒಂದು ಪೆನ್‌ಡ್ರೈವ್ ತಗೊಂಡು ಹೋಗಿ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿರಲಿ. ಎನ್‌ಟಿಎಫ್‌ಎಸ್ ಅನ್ನು ಹಲವು ಪ್ಲೇಯರ್‌ಗಳು ಓದಲ್ಲ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ ಅನ್ನೋದೂ ನೆನಪಿರಲಿ.

ಗೀರು ಬಿದ್ದ ಡಿಸ್ಕನ್ನೇ ಹಾಕಿ ನೋಡಿ. ಹೊಸ ಡಿಸ್ಕ್ ಯಾವುದರಲ್ಲಾದರೂ ಓಡುತ್ತೆ, ಲೆನ್ಸಿನ ತಾಕತ್ತು ಗೊತ್ತಾಗೋದು ಹಳೇದರಲ್ಲೇ. ಮೊಬೈಲ್ ವಿಡಿಯೋ ಒಂದನ್ನು ಹಾಕಿ. ಚಿತ್ರ ಬಂದು ದನಿ ಬರದಿದ್ದರೆ ಆಡಿಯೋ ಮಾದರಿ ಅದಕ್ಕೆ ಒಗ್ಗಿಲ್ಲ ಅಂತ ಅರ್ಥ. ಫೈಲ್‌ಗೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಪರದೆ ಮೇಲೆ ಬರೀ ಚೌಕ ಕಾಣಬಹುದು, ಕನ್ನಡ ಸಬ್‌ಟೈಟಲ್‌ನದ್ದೂ ಅದೇ ಕತೆ. ಕನ್ನಡದ ಫಾಂಟ್ ಹಾಕೋ ಖರ್ಚಿಗೆ ಅಗ್ಗದ ಪ್ಲೇಯರ್ ಮಾಡುವವರು ಕೈಹಾಕಲ್ಲ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿಡಿ.

ಟಿವಿ ಹಿಂಬದಿಯನ್ನೂ ನೋಡಿಕೊಳ್ಳಿ. ಹಳದಿ-ಕೆಂಪು-ಬಿಳಿ ತೂತುಗಳು ಹೊಸ ಟಿವಿಗಳಲ್ಲಿ ಕಮ್ಮಿಯಾಗ್ತಿವೆ. ಅವಿಲ್ಲದಿದ್ದರೆ ಎಚ್‌ಡಿಎಂಐ ಇರುವ ಪ್ಲೇಯರೇ ಬೇಕು.

ಹಾಗಾದ್ರೆ ಕೊಳ್ಳಬೇಕಾ?

ಮೊಬೈಲ್ ವಿಡಿಯೋ, ಡೌನ್‌ಲೋಡ್ ಸಿನಿಮಾ ನೋಡೋಕೆ ಅಂತಲೇ ಆದರೆ ಬೇಡ. ಟಿವಿಯಲ್ಲೇ ಯುಎಸ್‌ಬಿ ಇದ್ದರೆ ಆ ಕೆಲಸ ಅದು ಇನ್ನೂ ಚೆನ್ನಾಗಿ ಮಾಡುತ್ತೆ. ಮನೆ ತುಂಬ ಡಿಸ್ಕ್‌ಗಳಿದ್ದು, ಹಿರಿಯರು ರಿಮೋಟಿನ ಒಂದು ಗುಂಡಿ ಒತ್ತಿ ನೋಡಬೇಕು ಅಂದರೆ ಅಗ್ಗದ ಪ್ಲೇಯರ್ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಆದರೆ ಡಿಸ್ಕ್ ಕಾಪಾಡುವ ಕೆಲಸ ಪ್ಲೇಯರಿನದ್ದಲ್ಲ. ಮನೆಯಲ್ಲಿ, ಸ್ಟುಡಿಯೋದಲ್ಲಿ ಬರೆದ ಡಿಸ್ಕಿನ ಬಣ್ಣದ ಪದರ ಬಿಸಿಲು, ಸೆಕೆ, ತೇವಕ್ಕೆ ಕೆಡುತ್ತೆ. ಮಲೆನಾಡ ಅಂಚಿನ ಮಳೆಗಾಲ ಅದಕ್ಕೆ ಒಳ್ಳೆಯದಲ್ಲ. ಡಿಸ್ಕ್ ಡ್ರೈವ್ ಇರುವ ಕಂಪ್ಯೂಟರ್ ಹುಡುಕಿ. ವಿಸಿಡಿಯಾದರೆ ‘ಎಂಪೆಗ್‌ಎವಿ’ ಫೋಲ್ಡರ್‌ನ ಡ್ಯಾಟ್ ಫೈಲ್, ಡಿವಿಡಿಯಾದರೆ ‘ವಿಡಿಯೋ_ಟಿಎಸ್’ ಫೋಲ್ಡರನ್ನು ಪೂರ್ತಿ ನಕಲು ಮಾಡಿ ಎರಡು ಕಡೆ ಇಡಿ. ಉಚಿತವಾಗಿ ಸಿಗುವ ವಿಎಲ್‌ಸಿಯಲ್ಲಿ ಅವು ಹಾಗೇ ಓಡುತ್ತವೆ. ಪ್ಲೇಯರ್ ನಾಳೆಯೂ ಸಿಗುತ್ತೆ, ಅಜ್ಜಿಯ ದನಿ ಸಿಗಲ್ಲ. ಮೊದಲು ನಕಲು, ಆಮೇಲೆ ಅಂಗಡಿ.