ಕೆಂಪು, ಕಡುನೀಲಿ, ತಿಳಿನೀಲಿ: ಬ್ರಿಟನ್ನಿನ ಮೂರು ಪಡೆಗಳ ರಗ್ಬಿ

ರಣಜಿ ಟ್ರೋಫಿ ಕ್ರಿಕೆಟ್ಟನ್ನೂ ಸಂತೋಷ್ ಟ್ರೋಫಿ ಫುಟ್‌ಬಾಲನ್ನೂ ಗಮನಿಸುತ್ತ ಬಂದ ಕನ್ನಡ ಓದುಗರಿಗೆ ‘ಸರ್ವೀಸಸ್’ ತಂಡ ಹೊಸದಲ್ಲ. ಭಾರತದ ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಗಳ ಆಟಗಾರರು ತಂತಮ್ಮ ಪಡೆಯ ಗುರುತನ್ನು ಬದಿಗಿಟ್ಟು ಒಂದೇ ತಂಡವಾಗಿ ಆಡುವುದು ಇಲ್ಲಿನ ದೇಶೀಯ ಟೂರ್ನಿಗಳ ಪದ್ಧತಿ. ಬ್ರಿಟನ್ನಿನಲ್ಲಿ, ರಗ್ಬಿಯ ಮಟ್ಟಿಗೆ, ಇದಕ್ಕೆ ಪ್ರತಿಯಾದ ಪದ್ಧತಿಯೊಂದು ನೂರು ವರ್ಷಗಳಿಗೂ ಮಿಕ್ಕಿ ನಡೆದುಬಂದಿದೆ. ಅಲ್ಲಿ ಕೆಂಪು ಅಂಗಿಯ ಭೂಸೇನೆ, ಕಡುನೀಲಿಯ ನೌಕಾಪಡೆ, ತಿಳಿನೀಲಿಯ ವಾಯುಪಡೆ ಬೇರೆಬೇರೆ ತಂಡಗಳಾಗಿ ನಿಂತು ಪರಸ್ಪರ ಸೆಣಸುತ್ತವೆ. ಪ್ರತಿ ತಂಡವೂ ಉಳಿದೆರಡನ್ನು ಒಂದೊಂದು ಸಲ ಎದುರಿಸುವ, ಒಟ್ಟು ಮೂರೇ ಪಂದ್ಯಗಳ ಈ ಸ್ಪರ್ಧೆಯನ್ನು ಇಂಟರ್ ಸರ್ವೀಸಸ್ ಚಾಂಪಿಯನ್‌ಶಿಪ್ ಎಂದು ಕರೆಯಲಾಗುತ್ತದೆ.

ರಗ್ಬಿ ಯೂನಿಯನ್ ಎಂಬುದು ಹದಿನೈದು ಮಂದಿಯ ಎರಡು ತಂಡಗಳು ಮೊಟ್ಟೆಯಾಕಾರದ ಚೆಂಡಿನೊಂದಿಗೆ 80 ನಿಮಿಷ ಆಡುವ ಆಟ. ಚೆಂಡನ್ನು ಹಿಡಿದು ಮುಂದಕ್ಕೆ ಓಡಬಹುದು, ಕಾಲಿನಿಂದ ಮುಂದಕ್ಕೆ ಒದೆಯಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಜತೆಗಾರನಿಗೆ ಕೊಡಬೇಕಾದರೆ ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಚೆಂಡು ಹಿಡಿದು ಬರುವವನನ್ನು ತೆಕ್ಕೆಹಾಯ್ದು ನೆಲಕ್ಕೆ ಕೆಡವುವ ಕ್ರಮ ಕಬಡ್ಡಿ ಬಲ್ಲವರಿಗೆ ಅಪರಿಚಿತವೆನಿಸದು. ಎದುರಾಳಿಯ ಗೋಲು ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ‘ಟ್ರೈ’. ಅದಕ್ಕೆ ಇಂದು ಐದು ಅಂಕ, ಮೊದಲ ಮಹಾಯುದ್ಧದ ಕಾಲಕ್ಕೆ ಮೂರು. ಆಟ ನಿಂತಾಗ ಎರಡೂ ಕಡೆಯ ಎಂಟೆಂಟು ಫಾರ್ವರ್ಡ್‌ಗಳು ತೋಳು ಹೆಣೆದು, ತಲೆ ತಗ್ಗಿಸಿ, ಭುಜಕ್ಕೆ ಭುಜ ಕೊಟ್ಟು ತಳ್ಳಾಡುವ ‘ಸ್ಕ್ರಮ್’ನಲ್ಲಿ ಚೆಂಡು ಯಾರ ಪಾಲಾಗುವುದೆಂಬುದು ತೀರ್ಮಾನವಾಗುತ್ತದೆ.

ಭೂಸೇನೆ ಮತ್ತು ನೌಕಾಪಡೆಗಳು ಮೊದಲು ಎದುರಾದದ್ದು 1878ರಲ್ಲಿ, ಲಂಡನ್ನಿನ ಕೆನಿಂಗ್ಟನ್ ಓವಲ್ ಮೈದಾನದಲ್ಲಿ. ಅದೇ ವರ್ಷ ಕಲ್ಕತ್ತೆಯ ಒಂದು ರಗ್ಬಿ ಕ್ಲಬ್ಬು, ತನ್ನಲ್ಲಿ ಆಡುತ್ತಿದ್ದ ಬ್ರಿಟಿಷ್ ರೆಜಿಮೆಂಟ್ ಊರು ಬಿಟ್ಟ ಮೇಲೆ ಸದಸ್ಯರಿಲ್ಲದೆ ಮುಚ್ಚಿಹೋಗಿ, ಖಾತೆಯಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಬಟ್ಟಲನ್ನು ಇಂಗ್ಲೆಂಡಿಗೆ ಕಳುಹಿಸಿತು. ಮೂರು ನಾಗರಹಾವಿನ ಹಿಡಿಗಳೂ ಮುಚ್ಚಳದ ಮೇಲೊಂದು ಆನೆಯೂ ಇರುವ ಆ ಕಲ್ಕತ್ತಾ ಕಪ್ಪಿಗಾಗಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇಂದಿಗೂ ಆಡುತ್ತವೆ. ಸೈನಿಕರ ವರ್ಗಾವರ್ಗಿಯ ಮೇಲೆ ಆ ಕಾಲದ ರಗ್ಬಿಯ ಅಳಿವು ಉಳಿವು ಎಷ್ಟು ನಿಂತಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. 1878ರ ಪಂದ್ಯಕ್ಕೆ ಮಾತ್ರ ಬಹುಕಾಲ ಮುಂದುವರಿಕೆ ಇರಲಿಲ್ಲ. ಎರಡೂ ಪಡೆಗಳಲ್ಲಿ ರಗ್ಬಿ ಸಂಘಗಳು ರೂಪುಗೊಂಡ ಮೇಲೆ, 1907ರಿಂದ ಅದು ವಾರ್ಷಿಕ ಪಂದ್ಯವಾಯಿತು. 1909ರಲ್ಲಿ ತೆರೆದ ಟ್ವಿಕೆನ್‌ಹ್ಯಾಮ್ ಮೈದಾನ ಕ್ರಮೇಣ ಅದರ ನೆಲೆಯಾಯಿತು. 1918ರಲ್ಲಿ ವಾಯುಪಡೆ ಹುಟ್ಟಿತು. 1920ರಲ್ಲಿ ಅದರ ತಂಡವೂ ಸೇರಿ ಸ್ಪರ್ಧೆ ತ್ರಿಕೋನವಾಯಿತು.

ತಂಡಗಳ ಆಯ್ಕೆ ಕೆಳಗಿನಿಂದ ಮೇಲಕ್ಕೆ ನಡೆಯುತ್ತದೆ. ಹಡಗು, ವಾಯುನೆಲೆ, ರೆಜಿಮೆಂಟುಗಳ ಮಟ್ಟದ ಪಂದ್ಯಗಳಲ್ಲಿ ಕಣ್ಣಿಗೆ ಬಿದ್ದವರು ಮೇಲಿನ ಹಂತಕ್ಕೆ ಏರುತ್ತಾರೆ. ನೌಕಾಪಡೆಗೆ ಒಂದು ಹೆಚ್ಚಿನ ತೊಡಕು ಇದ್ದೇ ಇದೆ. ಒಳ್ಳೆಯ ಆಟಗಾರ ಪಂದ್ಯದ ದಿನ ಯಾವ ಸಮುದ್ರದಲ್ಲಿರುತ್ತಾನೆಂದು ಆಯ್ಕೆಗಾರರು ಹೇಳಲಾರರು. ಭೂಸೇನೆಯಲ್ಲಿ ರಗ್ಬಿಗೆ ಹೆಸರಾದ ರೆಜಿಮೆಂಟುಗಳ ಪೈಕಿ 2006ರವರೆಗೆ ಇದ್ದ ಡ್ಯೂಕ್ ಆಫ್ ವೆಲಿಂಗ್ಟನ್ಸ್ ರೆಜಿಮೆಂಟ್ ಮುಖ್ಯವಾದುದಾಗಿತ್ತು. ಕನ್ನಡ ನಾಡಿನ ಚರಿತ್ರೆಗೆ ಅದರ ಹಳೆಯ ಹೆಸರು ಹೆಚ್ಚು ಗೊತ್ತು: 1799ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಜೊತೆ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ 33ನೇ ಪದಾತಿ ರೆಜಿಮೆಂಟೇ ಅದು.

ಈ ಸ್ಪರ್ಧೆಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ವಿಚಾರಾರ್ಹವಾದ ಅಧ್ಯಾಯವೆಂದರೆ ವಾರ್ಷಿಕ ತ್ರಿಕೋನ ಸ್ಪರ್ಧೆ ಆರಂಭವಾಗುವ ಹಿಂದಿನ ವರ್ಷ, 1919ರಲ್ಲಿ, ನಡೆದ ಕಿಂಗ್ಸ್ ಕಪ್ ಟೂರ್ನಿ. ಯುದ್ಧ ನಿಂತಿತ್ತು, ಆದರೆ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಕೆನಡಾಗಳ ಸಾವಿರಾರು ಸೈನಿಕರು ಊರಿಗೆ ಮರಳಲು ಹಡಗಿಗಾಗಿ ಕಾಯುತ್ತ ಬ್ರಿಟನ್ನಿನ ಶಿಬಿರಗಳಲ್ಲಿ ಉಳಿದಿದ್ದರು. ಆ ನಾಲ್ಕು ಸೇನೆಗಳ ತಂಡಗಳು, ‘ಮಾತೃದೇಶ’ ಎಂಬ ಹೆಸರಿನ ಬ್ರಿಟಿಷ್ ಸೇನಾ ತಂಡ, ಮತ್ತು ಹುಟ್ಟಿ ವರ್ಷ ತುಂಬುವುದರಲ್ಲಿದ್ದ ವಾಯುಪಡೆ, ಹೀಗೆ ಆರು ತಂಡಗಳು ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಬ್ರಿಟನ್ನಿನ ಹಲವು ಊರುಗಳಲ್ಲಿ ಆಡಿದವು. ನ್ಯೂಜಿಲೆಂಡ್ ಆಸ್ಟ್ರೇಲಿಯಾಕ್ಕೆ ಮಾತ್ರ ಸೋತಿತು, ಮಾತೃದೇಶ ನ್ಯೂಜಿಲೆಂಡಿಗೆ ಮಾತ್ರ ಸೋತಿತು; ಎರಡೂ ಸಮಸಮವಾದ್ದರಿಂದ ಟ್ವಿಕೆನ್‌ಹ್ಯಾಮ್‌ನಲ್ಲಿ ನಿರ್ಣಾಯಕ ಪಂದ್ಯ ನಡೆದು, ನ್ಯೂಜಿಲೆಂಡ್ 9–3ರಿಂದ ಗೆದ್ದಿತು. ಮೂರು ದಿನಗಳ ನಂತರ ಫ್ರೆಂಚ್ ಸೇನೆಯನ್ನೂ ಸೋಲಿಸಿದ ಆ ತಂಡಕ್ಕೆ ಐದನೆಯ ಜಾರ್ಜ್ ದೊರೆಯೇ ಬಟ್ಟಲನ್ನು ಕೊಟ್ಟನು.

ಆ ಗೆದ್ದ ತಂಡದಲ್ಲಿ ನಥಾನಿಯಲ್ ಆರ್ಥರ್ ವಿಲ್ಸನ್ ಎಂಬ ಫಾರ್ವರ್ಡ್ ಇದ್ದನು. ಕ್ರೈಸ್ಟ್‌ಚರ್ಚ್‌ನಲ್ಲಿ 1886ರಲ್ಲಿ ಹುಟ್ಟಿದ ಆತನ ತಂದೆ ವೆಸ್ಟ್ ಇಂಡೀಸ್ ಮೂಲದವನು, ತಾಯಿ ಇಂಗ್ಲಿಷ್ ಮಹಿಳೆ. ಯುದ್ಧಕ್ಕೆ ಮೊದಲೇ, 1908ರಿಂದ 1914ರ ನಡುವೆ, ನ್ಯೂಜಿಲೆಂಡಿಗಾಗಿ ಹತ್ತು ಟೆಸ್ಟ್ ಪಂದ್ಯಗಳನ್ನು ಆಡಿದ್ದ ಆತನನ್ನು ನಥಾನಿಯಲ್ ಎಂದಾಗಲಿ ಆರ್ಥರ್ ಎಂದಾಗಲಿ ಕರೆದವರು ಕಡಿಮೆ. ರಗ್ಬಿ ಜಗತ್ತಿನಲ್ಲಿ ಆತ ‘ರಣಜಿ’ ವಿಲ್ಸನ್. ಸಸೆಕ್ಸ್ ಮತ್ತು ಇಂಗ್ಲೆಂಡ್ ತಂಡಗಳ ಬ್ಯಾಟ್ಸ್‌ಮನ್ ಆಗಿದ್ದ ನವಾನಗರದ ರಣಜಿತ್‌ಸಿಂಹಜಿಯ ಕೀರ್ತಿ ಸಾಮ್ರಾಜ್ಯದ ಮೂಲೆಮೂಲೆಗೂ ಹಬ್ಬಿದ್ದ ದಿನಗಳವು. ಮೈಬಣ್ಣ ಕಪ್ಪಗಿದ್ದ ಕಾರಣಕ್ಕೇ ವಿಲ್ಸನ್‌ಗೆ ಆ ಹೆಸರು ಅಂಟಿತು. ಭಾರತದ ದೇಶೀಯ ಕ್ರಿಕೆಟ್ಟಿನ ಬಟ್ಟಲಿಗೆ ಮತ್ತು ಭಾರತವನ್ನು ಪ್ರತಿನಿಧಿಸದ ಒಬ್ಬ ರಗ್ಬಿ ಫಾರ್ವರ್ಡ್‌ಗೆ ಒಂದೇ ಹೆಸರು ದೊರೆತದ್ದು ಸಣ್ಣ ವಿಚಿತ್ರವೇ ಸರಿ, ಆದರೆ ವಿಲ್ಸನ್‌ನ ವಿಷಯದಲ್ಲಿ ಹೆಸರಿನ ಹಿಂದಿದ್ದ ಬಣ್ಣವೇ ಮುಂದೆ ಅಡ್ಡ ಬಂದಿತು.

ಕಪ್ ಗೆದ್ದ ನ್ಯೂಜಿಲೆಂಡ್ ಸೇನಾ ತಂಡವನ್ನು, ಊರಿಗೆ ಮರಳುವ ದಾರಿಯಲ್ಲಿ ತಮ್ಮಲ್ಲಿ ಇಳಿದು ಆಡಿ ಹೋಗುವಂತೆ ದಕ್ಷಿಣ ಆಫ್ರಿಕಾದವರು ಆಹ್ವಾನಿಸಿದರು. ಆದರೆ ತಂಡದಲ್ಲಿ ಬಿಳಿಯರಲ್ಲದವರು ಇರಬಾರದೆಂಬುದು ಅಲ್ಲಿನ ರಗ್ಬಿ ಆಡಳಿತಗಾರರ ಇಂಗಿತವಾಗಿತ್ತು. ನ್ಯೂಜಿಲೆಂಡಿನವರು ಅದಕ್ಕೆ ತಲೆಬಾಗಿದರು; ವಿಲ್ಸನ್‌ನನ್ನೂ ಪರೆಕುರ ತುರೇಯ ಎಂಬ ಮಾವೋರಿ ಆಟಗಾರನನ್ನೂ ಬಿಟ್ಟು ಉಳಿದವರು ಪ್ರವಾಸ ಮಾಡಿದರು. ಅದೇ ದಕ್ಷಿಣ ಆಫ್ರಿಕಾದ ಸೈನಿಕರನ್ನು ಕಿಂಗ್ಸ್ ಕಪ್ಪಿನಲ್ಲಿ ಸೋಲಿಸಿದ್ದ ತಂಡ ಅದು, ಒಂದೇ ರಾಜನ ಪರವಾಗಿ ಒಂದೇ ಯುದ್ಧದಲ್ಲಿ ಹೋರಾಡಿ ಬಂದಿದ್ದವರು ಇವರೆಲ್ಲ. ಸೇನಾ ಕ್ರೀಡೆಯನ್ನು ಕುರಿತು ಬರೆಯುವವರು ಸಮವಸ್ತ್ರ ತೊಟ್ಟವರೆಲ್ಲ ಸಮಾನರೆಂದು ಸಲೀಸಾಗಿ ಹೇಳಿಬಿಡುವುದುಂಟು. 1919ರ ಈ ಘಟನೆಯನ್ನು ಬಿಟ್ಟು ಹಾಗೆ ಹೇಳುವುದು ಪ್ರಾಮಾಣಿಕವಾಗದು. ಅಂದು ಹಾಕಿದ ಮೇಲ್ಪಂಕ್ತಿ ಬಹುಕಾಲ ನಿಂತಿತು: 1928, 1949 ಮತ್ತು 1960ರಲ್ಲಿ ನ್ಯೂಜಿಲೆಂಡಿನ ರಾಷ್ಟ್ರೀಯ ತಂಡ ಮಾವೋರಿ ಆಟಗಾರರನ್ನು ಮನೆಯಲ್ಲೇ ಬಿಟ್ಟು ದಕ್ಷಿಣ ಆಫ್ರಿಕಾಕ್ಕೆ ಹೋಯಿತು, 1970ರಲ್ಲಿ ಅವರನ್ನು ಕರೆದೊಯ್ದಾಗ ‘ಗೌರವ ಬಿಳಿಯರು’ ಎಂಬ ಅವಮಾನಕರ ಪಟ್ಟ ಕಟ್ಟಲಾಯಿತು. ವಿಲ್ಸನ್ ಮಾತ್ರ ಆಟವನ್ನು ಬಿಡಲಿಲ್ಲ. ಮುಂದೆ ತನ್ನ ದೇಶದ ತಂಡದ ಆಯ್ಕೆಗಾರರಲ್ಲಿ ಒಬ್ಬನಾಗಿ, 1953ರಲ್ಲಿ ತೀರಿಕೊಂಡನು.

1920ರ ದಶಕದ ಆರಂಭ ಪಡೆಗಳ ರಗ್ಬಿಯ ಸುಗ್ಗಿಯ ಕಾಲ. ನೌಕಾಪಡೆಯ ತಂಡದಲ್ಲಿ ಸ್ಕ್ರಮ್ಮಿನ ಹಿಂದೆ ಚೆಂಡನ್ನು ಎತ್ತಿಕೊಡುವ ಸ್ಕ್ರಮ್ ಹಾಫ್ ಆಗಿ ಸೆಸಿಲ್ ಕೆರ್ಶಾ, ಅದನ್ನು ಪಡೆದು ದಾಳಿಯ ದಿಕ್ಕನ್ನು ನಿರ್ಧರಿಸುವ ಫ್ಲೈ ಹಾಫ್ ಆಗಿ ಡಬ್ಲ್ಯು. ಜೆ. ಎ. ಡೇವಿಸ್ ಇದ್ದರು. ಕೆರ್ಶಾ ಹುಟ್ಟಿದ್ದು ಢಾಕಾದಲ್ಲಿ. ಜಲಾಂತರ್ಗಾಮಿಗಳಲ್ಲಿ ಸೇವೆ ಸಲ್ಲಿಸಿದವನು, ಕತ್ತಿವರಸೆಯಲ್ಲಿ 1920ರ ಒಲಿಂಪಿಕ್ಸ್‌ಗೂ ಹೋದವನು. ಡೇವಿಸ್ ಯುದ್ಧನೌಕೆಗಳ ನಿರ್ಮಾಣ ವಿಭಾಗದವನು. ಇಬ್ಬರೂ ಒಟ್ಟಿಗೆ ಇಂಗ್ಲೆಂಡಿಗಾಗಿ ಆಡಿದ 14 ಪಂದ್ಯಗಳಲ್ಲಿ ಒಂದನ್ನೂ ಇಂಗ್ಲೆಂಡ್ ಸೋಲಲಿಲ್ಲ. 1920 ಮತ್ತು 1922ರಲ್ಲಿ ವೇಲ್ಸ್ ಎದುರು ಅದು ಸೋತಾಗ ಡೇವಿಸ್ ತಂಡದಲ್ಲಿರಲಿಲ್ಲ. ಅವರ ಇಂಗ್ಲೆಂಡ್ ಜತೆಗಾರರಾದ ವೇವೆಲ್ ವೇಕ್‌ಫೀಲ್ಡ್ ಮತ್ತು ಸಿರಿಲ್ ಲೋ ವಾಯುಪಡೆಯ ಪೈಲಟ್‌ಗಳು. ದೇಶದ ತಂಡದಲ್ಲಿ ಒಂದಾಗಿ ಆಡಿದವರೇ ಪಡೆಗಳ ಪಂದ್ಯದಲ್ಲಿ ಎದುರಾಳಿಗಳಾಗುತ್ತಿದ್ದರು. ಇವರ ಹಿಂದಿನ ಪೀಳಿಗೆಯ ಅನೇಕರು ಯುದ್ಧದಲ್ಲೇ ಮುಗಿದುಹೋಗಿದ್ದರು. 1918ರ ಏಪ್ರಿಲ್ 23ರಂದು ಬೆಲ್ಜಿಯಂನ ಝೀಬ್ರೂಗ ಬಂದರಿನ ದಾಳಿಯಲ್ಲಿ ಮಡಿದ ನೌಕಾಪಡೆಯ ಆರ್ಥರ್ ಹ್ಯಾರಿಸನ್, ರಗ್ಬಿಯಲ್ಲಿ ಇಂಗ್ಲೆಂಡನ್ನು ಪ್ರತಿನಿಧಿಸಿ ವಿಕ್ಟೋರಿಯಾ ಕ್ರಾಸ್ ಪಡೆದ ಏಕೈಕ ಆಟಗಾರ.

ಪಡೆಗಳ ಆಟಗಾರರು ರಾಷ್ಟ್ರೀಯ ತಂಡಕ್ಕೆ ಸಹಜವಾಗಿ ಏರುತ್ತಿದ್ದ ಕಾಲ 1995ರಲ್ಲಿ, ರಗ್ಬಿ ಯೂನಿಯನ್ ವೃತ್ತಿಪರ ಆಟವೆಂದು ಘೋಷಿತವಾದಾಗ, ಹೆಚ್ಚು ಕಡಿಮೆ ಮುಗಿಯಿತು. ಇಂಗ್ಲೆಂಡಿಗಾಗಿ 49 ಟ್ರೈ ಗಳಿಸಿದ ರೋರಿ ಅಂಡರ್‌ವುಡ್ ವಾಯುಪಡೆಯಲ್ಲಿ ಯುದ್ಧವಿಮಾನ ಹಾರಿಸುತ್ತಲೇ ಆಡಿದವನು. ಸಂಬಳಕ್ಕೆ ಆಡುವ, ದಿನವಿಡೀ ಅಭ್ಯಾಸ ಮಾಡುವ ಇಂದಿನ ಆಟಗಾರರ ನಡುವೆ ಅಂಥವರಿಗೆ ಜಾಗ ದೊರೆಯುವುದು ಕಷ್ಟ. ಅಪವಾದಗಳು ಹೆಚ್ಚಾಗಿ ಫಿಜಿ ದ್ವೀಪಗಳಿಂದ ಬಂದವು. 1961ರಲ್ಲಿ ಸುಮಾರು ಇನ್ನೂರು ಫಿಜಿಯನ್ನರನ್ನು ಬ್ರಿಟಿಷ್ ಸೇನೆ ಒಮ್ಮೆಲೇ ಸೇರಿಸಿಕೊಂಡಂದಿನಿಂದ ಆ ನಂಟು ಬೆಳೆದುಬಂದಿದೆ. ಅಫ್ಘಾನಿಸ್ತಾನದಲ್ಲಿ ಸೇವೆ ಸಲ್ಲಿಸಿದ, ಫಿಜಿಯಲ್ಲಿ ಹುಟ್ಟಿದ ಸೈನಿಕ ಸೆಮೆಸಾ ರೋಕೊಡುಗುನಿ 2014ರಲ್ಲಿ ಇಂಗ್ಲೆಂಡಿಗೂ, ನಾವಿಕ ಸ್ಯಾಮ್ ಮಟವೇಸಿ ವಿಶ್ವಕಪ್‌ನಲ್ಲಿ ಫಿಜಿಗೂ ಆಡಿದರು. ಮಹಿಳೆಯರ ಸ್ಪರ್ಧೆಯೂ ಈ ಶತಮಾನದಲ್ಲಿ ಬೆಳೆದು, ಇತ್ತೀಚಿನ ವರ್ಷಗಳಲ್ಲಿ ಅವರ ಭೂಸೇನೆ-ನೌಕಾಪಡೆ ಪಂದ್ಯವೂ ಪುರುಷರ ಪಂದ್ಯದ ದಿನವೇ ಟ್ವಿಕೆನ್‌ಹ್ಯಾಮ್‌ನಲ್ಲಿ ನಡೆಯುತ್ತಿದೆ.

ವಿಚಿತ್ರವೆಂದರೆ ಆಟದ ಮಟ್ಟ ಇಳಿದರೂ ಜನ ಕಡಿಮೆಯಾಗಿಲ್ಲ. 82,000 ಆಸನಗಳ ಆ ಮೈದಾನ ಕೆಲವು ವರ್ಷ ಈ ಪಂದ್ಯಕ್ಕೆ ಬಹುಮಟ್ಟಿಗೆ ತುಂಬಿದೆ. ಆದರೆ 2021ರ ಯೋಜನೆಯ ಪ್ರಕಾರ ಬ್ರಿಟನ್ನಿನ ಪೂರ್ಣಾವಧಿ ಭೂಸೇನೆ ಇಳಿಯಬೇಕಿದ್ದ ಸಂಖ್ಯೆ 72,500. ಸೈನಿಕರ ಜೊತೆಗೆ ನಿವೃತ್ತರು, ಅವರ ಮನೆಮಂದಿ, ಸೇನೆಯೊಡನೆ ಯಾವ ಸಂಬಂಧವೂ ಇಲ್ಲದ ನಾಗರಿಕರು ಟಿಕೆಟ್ ಕೊಂಡು ಬಂದು ಕೂರುವುದರಿಂದಲೇ ಇದು ಸಾಧ್ಯವಾಗಿದೆ.

ಭಾರತದಲ್ಲೂ ಪಡೆಗಳ ನಡುವಿನ ಕ್ರೀಡಾಕೂಟಗಳು ನಡೆಯುತ್ತವೆ, ಆದರೆ ಅವು ಬಹುಪಾಲು ದಂಡುಪ್ರದೇಶದ ಬೇಲಿಯೊಳಗೆ ನಡೆದು ಮುಗಿಯುತ್ತವೆ. ಹಲಸೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್, ಬೆಂಗಳೂರಿನಲ್ಲೇ ವಾಯುಪಡೆಯ ತರಬೇತಿ ಕಮಾಂಡ್, ಕಾರವಾರದಲ್ಲಿ ನೌಕಾಪಡೆಯ ಕದಂಬ ನೆಲೆ ಇರುವ ಕರ್ನಾಟಕದಲ್ಲಿ, ವರ್ಷಕ್ಕೊಂದಾದರೂ ಅಂಥ ಪಂದ್ಯವನ್ನು, ರಗ್ಬಿಯಲ್ಲದಿದ್ದರೆ ಹಾಕಿಯನ್ನೋ ಫುಟ್‌ಬಾಲನ್ನೋ, ಸಾರ್ವಜನಿಕ ಮೈದಾನದಲ್ಲಿ ಆಡಿಸುವ ಬಗ್ಗೆ ಪಡೆಗಳ ಕ್ರೀಡಾಧಿಕಾರಿಗಳೂ ರಾಜ್ಯದ ಕ್ರೀಡಾ ಇಲಾಖೆಯೂ ಕೂಡಿ ಯೋಚಿಸಬೇಕು.